ಹಳೆಯ ಗೇಮಿಂಗ್ ಕಂಪ್ಯೂಟರಿಗೆ ಈಗ ಹಣ ಹಾಕಬೇಕೇ, ಹೊಸದಕ್ಕೆ ಕೂಡಿಡಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಐದರಿಂದ ಹತ್ತು ವರ್ಷ ಹಳೆಯದಾದ ಡೆಸ್ಕ್‌ಟಾಪ್‌ನಲ್ಲಿ ಆಟವಾಡುತ್ತಿರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಬೋರ್ಡಿಗೇ ಬೆಸೆದಿರುವುದರಿಂದ ಅವುಗಳಲ್ಲಿ ಬದಲಾಯಿಸಬಹುದಾದದ್ದು ಹೆಚ್ಚೆಂದರೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಮಾತ್ರ. ಹೀಗಾಗಿ ಕೆಳಗಿನ ಉತ್ತರಗಳು ಡೆಸ್ಕ್‌ಟಾಪ್ ಉಳ್ಳವರಿಗಾಗಿ ಬರೆದವು.

ನನ್ನ ಕಂಪ್ಯೂಟರಿಗೆ ಎಂಟು ವರ್ಷವಾಗಿದೆ. ಇಷ್ಟು ಹಳೆಯದಾದ ಮೇಲೆ ಬದಲಾಯಿಸಲೇಬೇಕೇ?

ವಯಸ್ಸನ್ನು ನೋಡಿ ತೀರ್ಮಾನಿಸಬೇಕಾಗಿಲ್ಲ. ನೀವು ಆಡುವ ಆಟಗಳು ನಿಮ್ಮ ಮಾನಿಟರಿಗೆ ಸಾಲುವಷ್ಟು ವೇಗದಲ್ಲಿ, ನಡುನಡುವೆ ತಡವರಿಸದೆ ನಡೆಯುತ್ತಿವೆಯೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. 60 ಹರ್ಟ್ಸ್ ಮಾನಿಟರ್ ಸೆಕೆಂಡಿಗೆ 60 ಫ್ರೇಮ್‌ಗಳಿಗಿಂತ ಹೆಚ್ಚನ್ನು ತೋರಿಸಲಾರದು. ಅಂಥ ಮಾನಿಟರಿನಲ್ಲಿ, 1080ಪಿ ರೆಸಲ್ಯೂಶನ್‌ನಲ್ಲಿ, ಕೆಲವು ವರ್ಷಗಳ ಹಿಂದಿನ ಆಟಗಳನ್ನೇ ಆಡುವವರಿಗೆ 2016ರಲ್ಲಿ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್ ಇಂದಿಗೂ ಸಾಕಾಗುವುದುಂಟು. ಅದೇ ಕಾರ್ಡಿನಲ್ಲಿ ಈಚಿನ ಕೆಲವು ದೊಡ್ಡ ಆಟಗಳು ತೆರೆದುಕೊಳ್ಳುವುದೇ ಇಲ್ಲ.

ಮುಂದಿನ ಒಂದು ವರ್ಷದಲ್ಲಿ ನಿಜವಾಗಿ ಆಡಲಿರುವ ಆಟಗಳ ಪಟ್ಟಿಯೊಂದನ್ನು ಬರೆದುಕೊಳ್ಳಿ. ಆಡಬಹುದೇನೋ ಎಂದು ಅನ್ನಿಸುವ ಆಟಗಳು ಅದರಲ್ಲಿ ಸೇರಬಾರದು. ಆ ಪಟ್ಟಿಯಲ್ಲಿರುವುದೆಲ್ಲ ನಿಮ್ಮ ಯಂತ್ರದಲ್ಲಿ ನೆಮ್ಮದಿಯಾಗಿ ನಡೆಯುತ್ತಿದ್ದರೆ ಹಣವನ್ನು ಮುಟ್ಟದಿರುವುದೇ ಲೇಸು, ಏಕೆಂದರೆ ಇಂದು ಕೊಳ್ಳುವ ಭಾಗವನ್ನು ನೀವು ಬಳಸಿಕೊಳ್ಳುವ ಹೊತ್ತಿಗೆ ಅದಕ್ಕಿಂತ ಉತ್ತಮವಾದದ್ದು ಮಾರುಕಟ್ಟೆಗೆ ಬಂದಿರುತ್ತದೆ. ಪಟ್ಟಿಯಲ್ಲಿರುವ ಒಂದೆರಡು ಆಟಗಳು ಮಾತ್ರ ತೊಡಕು ಕೊಡುತ್ತಿದ್ದರೆ ಮುಂದಿನ ಪ್ರಶ್ನೆಗೆ ಹೋಗಿ.

ಯಾವ ಭಾಗ ಹಿಂದೆ ಬಿದ್ದಿದೆ ಎಂದು ತಿಳಿಯುವುದು ಹೇಗೆ?

ಅಂದಾಜಿನ ಮೇಲೆ ಕಾರ್ಡ್ ಕೊಳ್ಳುವವರು ಬಹಳ ಮಂದಿ. ಆದರೆ ಇದನ್ನು ಅರ್ಧ ಗಂಟೆಯಲ್ಲಿ ಅಳೆದು ನೋಡಬಹುದು. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಆಟ ನಡೆಯುತ್ತಿರುವಾಗಲೇ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್‌ಗಳು ಎಂಬ ಲೆಕ್ಕ), ಗ್ರಾಫಿಕ್ಸ್ ಕಾರ್ಡಿನ ಬಳಕೆ, ಅದರ ಮೆಮೊರಿಯ ಬಳಕೆ, ಪ್ರೊಸೆಸರಿನ ಪ್ರತಿಯೊಂದು ಥ್ರೆಡ್‌ನ (ಏಕಕಾಲಕ್ಕೆ ನಡೆಯುವ ಕೆಲಸದ ಸಾಲಿನ) ಬಳಕೆ ಮತ್ತು ಎರಡರ ಉಷ್ಣತೆ ಪರದೆಯ ಮೂಲೆಯಲ್ಲಿ ಕಾಣುವಂತೆ ಹೊಂದಿಸಿಕೊಳ್ಳಿ. ಫ್ರೇಮ್‌ಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಮತ್ತು ಎಫ್‌ಪಿಎಸ್ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದುಹಾಕಿ, ಆಟದಲ್ಲಿ ನಿಮಗೆ ತೊಂದರೆ ಕೊಡುವ ಜಾಗಕ್ಕೇ ಹೋಗಿ ನಿಲ್ಲಿ: ಜನಸಂದಣಿಯ ಪೇಟೆಯ ಬೀದಿ, ಸ್ಫೋಟಗಳಿಂದ ತುಂಬಿದ ಯುದ್ಧಭೂಮಿ, ಯಾವುದಾದರೂ ಆಗಬಹುದು. ಖಾಲಿ ಬಯಲಿನಲ್ಲಿ ಅಳೆದ ಅಂಕಿಯಿಂದ ಪ್ರಯೋಜನವಿಲ್ಲ.

ಅಲ್ಲಿ 45 ಎಫ್‌ಪಿಎಸ್ ಕಾಣುತ್ತಿದೆ ಎಂದಿಟ್ಟುಕೊಳ್ಳೋಣ. ಈಗ ರೆಸಲ್ಯೂಶನ್ ಅನ್ನು 1080ಪಿಯಿಂದ 720ಪಿಗೆ ಇಳಿಸಿ, ಅದೇ ಜಾಗದಲ್ಲಿ ಮತ್ತೆ ನೋಡಿ. ಎಫ್‌ಪಿಎಸ್ 45ರಿಂದ 70ಕ್ಕೆ ಜಿಗಿದರೆ, ಮೊದಲು ಕಾರ್ಡಿನ ಬಳಕೆ 97–99 ಶೇಕಡಾ ಇದ್ದಿದ್ದರೆ, ತಡೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಎಫ್‌ಪಿಎಸ್ 45ರಿಂದ 47ಕ್ಕೆ ಮಾತ್ರ ಏರಿ, ಕಾರ್ಡಿನ ಬಳಕೆ 60 ಶೇಕಡಾಕ್ಕೆ ಕುಸಿದರೆ, ಪ್ರೊಸೆಸರ್ ಅದಕ್ಕೆ ಕೆಲಸ ಒದಗಿಸಲಾರದೆ ಹೋಗಿದೆ ಎಂದು ಅರ್ಥ. ಇಂಥ ಯಂತ್ರಕ್ಕೆ ಎಷ್ಟೇ ದುಬಾರಿಯ ಕಾರ್ಡ್ ಹಾಕಿದರೂ ಆ ಬೀದಿಯಲ್ಲಿ 47ನ್ನು ದಾಟಲಾಗದು. ಟಾಸ್ಕ್ ಮ್ಯಾನೇಜರ್ ತೋರಿಸುವ ಪ್ರೊಸೆಸರಿನ ಒಟ್ಟು ಬಳಕೆಯನ್ನು ಇಲ್ಲಿ ನಂಬಬಾರದು. ಆಟದ ಮುಖ್ಯ ಕೆಲಸ ಒಂದೆರಡು ಥ್ರೆಡ್‌ಗಳ ಮೇಲೆಯೇ ಬೀಳುವುದರಿಂದ, ಆ ಒಂದೆರಡು ದಣಿದು ಹೋಗಿದ್ದರೂ ಒಟ್ಟು ಬಳಕೆ 40 ಶೇಕಡಾ ಎಂದೇ ಕಾಣಬಹುದು.

ಸರಾಸರಿ ಎಫ್‌ಪಿಎಸ್ ಚೆನ್ನಾಗಿದ್ದೂ ಆಟ ಆಗಾಗ ಗಕ್ಕನೆ ನಿಂತು ಮುಂದುವರಿಯುತ್ತಿದ್ದರೆ ಮೆಮೊರಿಯ ಕಡೆ ನೋಡಬೇಕು. ಕಾರ್ಡಿನ ಮೆಮೊರಿ ಪೂರ್ತಿ ತುಂಬಿ, ಗೋಡೆ ನೆಲಗಳ ಚಿತ್ರಣ ಮಸುಕಾಗಿ ಉಳಿದು, ತಿರುಗಿದಾಗಲೆಲ್ಲ ಆಟ ಜಗ್ಗಿದಂತಾದರೆ ಅದು ಕಾರ್ಡಿನ ಮೆಮೊರಿಯ ಕೊರತೆ. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ರ‍್ಯಾಮ್ ತುಂಬಿ ಹಾರ್ಡ್ ಡಿಸ್ಕಿನ ದೀಪ ಎಡೆಬಿಡದೆ ಮಿನುಗುತ್ತಿದ್ದರೆ ಸಮಸ್ಯೆ ಅಲ್ಲಿದೆ.

ಹಣ ಖರ್ಚು ಮಾಡದೆ ಏನಾದರೂ ಸುಧಾರಿಸಬಹುದೇ?

ಖಂಡಿತ, ಮತ್ತು ಇದನ್ನು ಮಾಡದೆ ಯಾವುದನ್ನೂ ಕೊಳ್ಳಬಾರದು. ಹಲವು ವರ್ಷ ತೆರೆಯದ ಕ್ಯಾಬಿನೆಟ್ಟಿನಲ್ಲಿ ಹೀಟ್‌ಸಿಂಕಿನ ತೆಳು ಹಾಳೆಗಳ ನಡುವೆ ಧೂಳು ಒತ್ತೊತ್ತಾಗಿ ಕೂತು ಗಾಳಿ ಹೋಗದಂತಾಗಿರುತ್ತದೆ. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿರುತ್ತದೆ. ಉಷ್ಣತೆ ತನ್ನ ಮಿತಿಯನ್ನು ಮುಟ್ಟಿದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಟ ಶುರುವಾದ ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ನಿಧಾನವಾದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ನಂತರವೇ ಕ್ಯಾಬಿನೆಟ್ ತೆರೆಯಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿಟ್ಟುಕೊಳ್ಳಿ, ಇಲ್ಲವಾದರೆ ಅತಿವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಎಎಂಡಿಯ ಎಎಂ4 ಸಾಕೆಟ್ಟಿನ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪ್ರೊಸೆಸರ್ ಇದ್ದರೆ ಇನ್ನೂ ಒಂದು ಎಚ್ಚರಿಕೆ ಬೇಕು. ಹಳೆಯ ಪೇಸ್ಟ್ ಅಂಟಿನಂತೆ ಹಿಡಿದುಕೊಂಡಿರುವುದರಿಂದ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬಂದು ಅದರ ಅಡಿಯ ಪಿನ್‌ಗಳು ಬಾಗಬಹುದು. ಬಿಚ್ಚುವ ಮುನ್ನ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಟ್ಟು, ನಿಲ್ಲಿಸಿದ ಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚುತ್ತಾ ಸಡಿಲಿಸಿ ತೆಗೆಯಿರಿ.

ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ರ‍್ಯಾಮ್ ತನ್ನ ನಿಜವಾದ ವೇಗದಲ್ಲಿ ಓಡುತ್ತಿದೆಯೇ ಎಂದೂ ನೋಡಿ. 3200 ಎಂದು ಬರೆದಿರುವ ಡಿಡಿಆರ್4 ರ‍್ಯಾಮ್, ಎಕ್ಸ್‌ಎಂಪಿ ಆಯ್ಕೆಯನ್ನು ಚಾಲೂ ಮಾಡದಿದ್ದರೆ 2133 ಅಥವಾ 2400ರಲ್ಲೇ ವರ್ಷಗಟ್ಟಲೆ ಓಡುತ್ತಿರುವುದು ಸಾಮಾನ್ಯ. 144 ಹರ್ಟ್ಸ್ ಮಾನಿಟರ್ ವಿಂಡೋಸ್ ಸೆಟ್ಟಿಂಗಿನಲ್ಲಿ 60ಕ್ಕೇ ಉಳಿದಿರುವುದು, ಮಾನಿಟರ್ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿರುವುದು ಇವೂ ಅಪರೂಪವಲ್ಲ. ಆಟದೊಳಗೆ ನೆರಳು, ಪ್ರತಿಫಲನ ಮತ್ತು ದೂರದ ಜನಸಂದಣಿಯ ಸೆಟ್ಟಿಂಗುಗಳನ್ನು ಒಂದೊಂದು ಮೆಟ್ಟಿಲು ಇಳಿಸಿದರೆ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದೆ ಗಣನೀಯ ವೇಗ ಸಿಗುತ್ತದೆ. ಆಟವನ್ನು ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ಪರದೆಗೆ ಹಿಗ್ಗಿಸಿ ತೋರಿಸುವ ತಂತ್ರಗಳೂ ಇವೆ. ಎಎಂಡಿಯ ಎಫ್‌ಎಸ್‌ಆರ್ ತಂತ್ರದ ಮೊದಲ ಆವೃತ್ತಿಗಳು ಎನ್‌ವಿಡಿಯಾದ ಹಳೆಯ ಜಿಟಿಎಕ್ಸ್ ಕಾರ್ಡುಗಳ ಮೇಲೂ ನಡೆಯುತ್ತವೆ. ಎನ್‌ವಿಡಿಯಾದ ಇಂಥದೇ ತಂತ್ರವಾದ ಡಿಎಲ್‌ಎಸ್‌ಎಸ್ ಮಾತ್ರ ಅದರ ಆರ್‌ಟಿಎಕ್ಸ್ ಕಾರ್ಡುಗಳಿಗೆ ಸೀಮಿತ.

ಕಡಿಮೆ ಹಣದಲ್ಲಿ ಹೆಚ್ಚು ಫಲ ಕೊಡುವ ಬದಲಾವಣೆ ಯಾವುದು?

ಆಟಗಳು ಇನ್ನೂ ಹಾರ್ಡ್ ಡಿಸ್ಕಿನಲ್ಲಿದ್ದರೆ ಎಸ್‌ಎಸ್‌ಡಿ. ಎರಡನೆಯ ಮಾತಿಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150ರಿಂದ 200 ಎಂಬಿ ಓದುತ್ತದೆ, ಅದೂ ಮಾಹಿತಿ ಒಂದೇ ಸಾಲಿನಲ್ಲಿ ಇದ್ದಾಗ. ಹಾರ್ಡ್ ಡಿಸ್ಕಿನಂತೆ ತಂತಿಯಿಂದ ಜೋಡಿಸುವ ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಓದುತ್ತದೆ ಮತ್ತು ಚದುರಿದ ಸಣ್ಣ ಕಡತಗಳನ್ನು ಹೆಕ್ಕುವುದರಲ್ಲಿ ಹಲವು ಪಟ್ಟು ಮುಂದಿದೆ. ಈಚಿನ ಅನೇಕ ಆಟಗಳು ತಮ್ಮ ಅಗತ್ಯಗಳ ಪಟ್ಟಿಯಲ್ಲೇ ಎಸ್‌ಎಸ್‌ಡಿಯನ್ನು ಕೇಳುತ್ತಿವೆ. ಮದರ್‌ಬೋರ್ಡಿನಲ್ಲಿ ಎನ್‌ವಿಎಂಇ (ಬೋರ್ಡಿಗೇ ನೇರವಾಗಿ ಸಿಕ್ಕಿಸುವ, ಇನ್ನೂ ವೇಗದ ಎಸ್‌ಎಸ್‌ಡಿ) ಸ್ಲಾಟ್ ಇದ್ದರೆ ಅದಕ್ಕೆ ಹೊಂದುವುದನ್ನೇ ಕೊಳ್ಳಿ, ಏಕೆಂದರೆ ಅದು ಮುಂದೆ ಹೊಸ ಯಂತ್ರಕ್ಕೂ ನೇರವಾಗಿ ಹೋಗುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಹೋಗುವುದಕ್ಕಷ್ಟೇ ಹಣ ಹಾಕುವುದು ಬೇಡ. ಆಟಗಳಲ್ಲಿ ಆ ವ್ಯತ್ಯಾಸ ಹೆಚ್ಚಾಗಿ ಕೆಲವೇ ಸೆಕೆಂಡುಗಳದ್ದು.

ರ‍್ಯಾಮ್ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. 8 ಜಿಬಿಯಿಂದ 16 ಜಿಬಿಗೆ ಹೋದಾಗ ತಡವರಿಕೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಒಂದೇ ಒಂದು ಕಡ್ಡಿ ಇರುವಲ್ಲಿ ಅದಕ್ಕೆ ಸರಿಹೊಂದುವ ಎರಡನೆಯದನ್ನು ಹಾಕಿದರೆ ಗಾತ್ರದೊಂದಿಗೆ ವೇಗವೂ ಹೆಚ್ಚುತ್ತದೆ, ಏಕೆಂದರೆ ಆಗ ಎರಡು ಚಾನೆಲ್‌ಗಳಲ್ಲಿ ಏಕಕಾಲಕ್ಕೆ ಮಾಹಿತಿ ಹರಿಯುತ್ತದೆ. ಆದರೆ ಹೊಸ ಯಂತ್ರಗಳಿಗೆ ಬೇಕಾದದ್ದು ಡಿಡಿಆರ್5. ಡಿಡಿಆರ್4 ಕಡ್ಡಿ ಆ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಹಳೆಯ ಯಂತ್ರಕ್ಕೆ 16 ಜಿಬಿ ಮಾಡಿಕೊಳ್ಳುವುದು ಸರಿ, 32 ಜಿಬಿ ತುಂಬುವುದು ಹಿಂದಿರುಗಿ ಬಾರದ ಹಣ.

ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬದಲಾಯಿಸಿದರೆ ಸಾಲದೇ?

ಪರೀಕ್ಷೆಯಲ್ಲಿ ತಡೆ ಕಾರ್ಡಿನಲ್ಲಿದೆ ಎಂದು ಕಂಡುಬಂದಿದ್ದರೆ ಸಾಕು, ಮತ್ತು ಇಲ್ಲಿ ಹಾಕುವ ಹಣ ವ್ಯರ್ಥವಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಹಳೆಯ ಯಂತ್ರಕ್ಕೆ ಯಾವ ಭಾಗವನ್ನು ಕೊಳ್ಳುವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ನನ್ನ ಮುಂದಿನ ಕಂಪ್ಯೂಟರಿಗೂ ಬರುತ್ತದೆಯೇ? ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಒಳ್ಳೆಯ ಪವರ್ ಸಪ್ಲೈ, ಕ್ಯಾಬಿನೆಟ್, ಮಾನಿಟರ್ ಇವು ಬರುತ್ತವೆ. ಹಳೆಯ ಪ್ರೊಸೆಸರ್, ಅದರ ಮದರ್‌ಬೋರ್ಡ್, ಡಿಡಿಆರ್4 ರ‍್ಯಾಮ್ ಇವು ಹೊಸ ಪೀಳಿಗೆಗೆ ಬರುವುದಿಲ್ಲ. ಬರುವ ಭಾಗಕ್ಕೆ ಹಾಕಿದ ಹಣ ಒಂದು ಬಗೆಯ ಉಳಿತಾಯವೇ. ಬಾರದ ಭಾಗಕ್ಕೆ ಹಾಕುವುದು ಮುಂದಿನ ಯಂತ್ರದ ಹಣದಿಂದ ತೆಗೆದದ್ದು.

ಕಾರ್ಡ್ ಆರಿಸುವಾಗ ಹಳೆಯ ಯಂತ್ರದವರು ಪಿಸಿಐಇ ದಾರಿಗಳ (ಕಾರ್ಡ್ ಮತ್ತು ಮದರ್‌ಬೋರ್ಡಿನ ನಡುವೆ ಮಾಹಿತಿ ಹರಿಯುವ ಸಾಲುಗಳು) ಸಂಖ್ಯೆಯನ್ನು ತಪ್ಪದೆ ನೋಡಬೇಕು. ಕಡಿಮೆ ಬೆಲೆಯ ಹೊಸ ಕಾರ್ಡುಗಳಲ್ಲಿ ಹಲವು 16 ದಾರಿಗಳ ಬದಲು ಎಂಟನ್ನು ಮಾತ್ರ ಬಳಸುತ್ತವೆ. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 4060 ಇಂಥವು. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ಬರೀ ನಾಲ್ಕು. ಪಿಸಿಐಇ 4.0 ಇರುವ ಮದರ್‌ಬೋರ್ಡಿನಲ್ಲಿ ಇದು ತೊಂದರೆಯಾಗದು. ಪಿಸಿಐಇ 3.0 ಇರುವ ಹಳೆಯ ಬೋರ್ಡಿನಲ್ಲಿ ಪ್ರತಿ ದಾರಿಯ ವೇಗ ಅರ್ಧಕ್ಕಿಳಿಯುತ್ತದೆ. ಆಟ ಕಾರ್ಡಿನ ಮೆಮೊರಿಯೊಳಗೆ ಹಿಡಿಸುವವರೆಗೆ ಎಂಟು ದಾರಿಯ ಕಾರ್ಡಿನಲ್ಲಿ ಇದರ ಪರಿಣಾಮ ಅಲ್ಪ. ಮೆಮೊರಿ ತುಂಬಿ ಚೆಲ್ಲಿದ ಕ್ಷಣದಿಂದ ಕಾರ್ಡ್ ಈ ದಾರಿಯಲ್ಲೇ ಕಂಪ್ಯೂಟರಿನ ರ‍್ಯಾಮ್‌ವರೆಗೆ ಓಡಾಡಬೇಕಾಗುತ್ತದೆ, ಆಗ ತಡವರಿಕೆ ಶುರುವಾಗುತ್ತದೆ. ನಾಲ್ಕು ದಾರಿ, 4 ಜಿಬಿ ಮೆಮೊರಿಯ 6500 ಎಕ್ಸ್‌ಟಿ ಹಳೆಯ ಬೋರ್ಡುಗಳಲ್ಲಿ ಹಿಂದೆ ಬೀಳುವುದು ಇದರಿಂದಲೇ. ಹಾಗಾಗಿ ಹಳೆಯ ಬೋರ್ಡಿಗೆ ಕಾರ್ಡ್ ಕೊಳ್ಳುವವರು ಮೆಮೊರಿಯಲ್ಲಿ ಜಿಪುಣತನ ಮಾಡಬಾರದು. 12 ಜಿಬಿ ಮೆಮೊರಿ ಮತ್ತು 16 ದಾರಿಗಳಿರುವ ಆರ್‌ಟಿಎಕ್ಸ್ 3060 ಹಳೆಯ ಯಂತ್ರಗಳಿಗೆ ಚೆನ್ನಾಗಿ ಒಗ್ಗಿದ್ದು ಈ ಕಾರಣಕ್ಕೆ.

ಇಂಟೆಲ್‌ನ ಆರ್ಕ್ ಕಾರ್ಡುಗಳು ತಮ್ಮ ಬೆಲೆಗೆ ಒಳ್ಳೆಯವೇ ಆದರೂ ಹಳೆಯ ಯಂತ್ರಕ್ಕೆ ಸಲ್ಲವು. ಪ್ರೊಸೆಸರ್ ಕಾರ್ಡಿನ ಇಡೀ ಮೆಮೊರಿಯನ್ನು ಒಮ್ಮೆಗೇ ಮುಟ್ಟಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬಯೋಸ್‌ನಲ್ಲಿ ಇಲ್ಲದಿದ್ದರೆ ಅವು ತೀರಾ ಕುಂಟುತ್ತವೆ. ಇನ್ನು ಕಾರ್ಡಿನ ಉದ್ದವನ್ನು ಕ್ಯಾಬಿನೆಟ್ಟಿನೊಳಗೆ ಟೇಪ್ ಹಿಡಿದು ಅಳೆದ ಮೇಲೆಯೇ ಆರ್ಡರ್ ಮಾಡಿ.

ಹಳೆಯ ಪವರ್ ಸಪ್ಲೈ ಹೊಸ ಕಾರ್ಡನ್ನು ತಾಳುತ್ತದೆಯೇ?

ವ್ಯಾಟ್ ಸಂಖ್ಯೆಯೊಂದನ್ನೇ ನೋಡಿ ಹೇಳಲಾಗದು. ಸ್ಲಾಟಿನಿಂದ ಕಾರ್ಡಿಗೆ 75 ವ್ಯಾಟ್, 6 ಪಿನ್ ತಂತಿಯಿಂದ 75, 8 ಪಿನ್ ತಂತಿಯಿಂದ 150 ವ್ಯಾಟ್ ದೊರೆಯುತ್ತದೆ. 120 ವ್ಯಾಟಿನ ಜಿಟಿಎಕ್ಸ್ 1060 ತೆಗೆದು ಅಷ್ಟೇ ವಿದ್ಯುತ್ ಬಳಸುವ ಹೊಸ ಕಾರ್ಡ್ ಹಾಕುವುದಾದರೆ ಹೊಸ ಹೊರೆಯೇನೂ ಬೀಳದು. 200 ವ್ಯಾಟ್ ದಾಟಿದ ಕಾರ್ಡ್ ಕೊಳ್ಳುವಾಗ ಸಪ್ಲೈನ ವಯಸ್ಸನ್ನು ಪರಿಗಣಿಸಿ. ಒಳ್ಳೆಯ ಸಪ್ಲೈಗಳಿಗೆ 5, 7 ಅಥವಾ 10 ವರ್ಷದ ವಾರಂಟಿ ಇರುತ್ತದೆ. ಆ ಅವಧಿ ಮುಗಿದಿದ್ದರೆ ಹೊಸ ಕಾರ್ಡನ್ನು ಅದರ ವಶಕ್ಕೆ ಒಪ್ಪಿಸುವುದು ಜಾಣತನವಲ್ಲ. 80 ಪ್ಲಸ್ ಮುದ್ರೆ ಸೂಚಿಸುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಶಾರ್ಟ್ ಆದಾಗ ಅದು ಉಳಿದ ಭಾಗಗಳನ್ನು ಕಾಪಾಡುತ್ತದೆಯೇ ಎಂಬುದಕ್ಕೆ ಆ ಮುದ್ರೆ ಸಾಕ್ಷಿಯಲ್ಲ.

ತಂತಿಗಳನ್ನು ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಸಪ್ಲೈ ಬದಲಾಯಿಸುವಾಗ ಹಳೆಯ ತಂತಿಗಳನ್ನು ಹಾಗೆಯೇ ಉಳಿಸಿ ಹೊಸದಕ್ಕೆ ಸಿಕ್ಕಿಸಬೇಡಿ. ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಯಾವ ವೋಲ್ಟೇಜ್ ಎಂಬುದಕ್ಕೆ ಎಲ್ಲ ಕಂಪನಿಗಳಿಗೂ ಅನ್ವಯಿಸುವ ನಿಯಮವಿಲ್ಲ. ಕನೆಕ್ಟರ್ ಸಲೀಸಾಗಿ ಕೂತರೂ ಒಳಗಿನ ಜೋಡಣೆ ಬೇರೆಯಿದ್ದರೆ ಎಸ್‌ಎಸ್‌ಡಿ, ಹಾರ್ಡ್ ಡಿಸ್ಕ್‌ಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಪ್ರೊಸೆಸರ್ ಮಾತ್ರ ಬದಲಾಯಿಸುವುದು ಸರಿಯೇ?

ಇದು ಪೂರ್ತಿ ನಿಮ್ಮ ಮದರ್‌ಬೋರ್ಡಿನ ಮೇಲೆ ನಿಂತಿದೆ, ಮತ್ತು ಎರಡು ಗುಂಪಿನವರಿಗೆ ಎರಡು ಬೇರೆ ಉತ್ತರಗಳಿವೆ.

ಎಎಂ4 ಸಾಕೆಟ್ಟಿನ ಬೋರ್ಡ್ ಇರುವವರು ಭಾಗ್ಯವಂತರು. 2017ರಲ್ಲಿ ಮೊದಲ ರೈಜನ್‌ಗಳ ಜೊತೆ ಬಂದ ಬಿ350, ಎಕ್ಸ್370 ಬೋರ್ಡುಗಳಲ್ಲಿ ಅನೇಕವು ಬಯೋಸ್ ಅಪ್‌ಡೇಟ್ ನಂತರ ರೈಜನ್ 5000 ಸರಣಿಯನ್ನೂ ಸ್ವೀಕರಿಸುತ್ತವೆ. ರೈಜನ್ 5 1600 ಇರುವ ಯಂತ್ರಕ್ಕೆ 5600 ಹಾಕಿದರೆ ಅದೇ ಬೋರ್ಡ್, ಅದೇ ರ‍್ಯಾಮ್ ಉಳಿದುಕೊಂಡು ಯಂತ್ರ ಒಂದು ದೊಡ್ಡ ಹೆಜ್ಜೆ ಮುಂದೆ ಹೋಗುತ್ತದೆ. 2022ರ 5800ಎಕ್ಸ್3ಡಿ, 2024ರ 5700ಎಕ್ಸ್3ಡಿ ಪ್ರೊಸೆಸರುಗಳಲ್ಲಿ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಇದೆ. ಆಟಕ್ಕೆ ಪದೇ ಪದೇ ಬೇಕಾಗುವ ಮಾಹಿತಿ ಅಲ್ಲೇ ಸಿಗುವುದರಿಂದ ನಿಧಾನಗತಿಯ ರ‍್ಯಾಮ್‌ವರೆಗೆ ಹೋಗುವ ಸರದಿ ಕಡಿಮೆಯಾಗುತ್ತದೆ. ಇವುಗಳಲ್ಲಿ ಒಂದು ನ್ಯಾಯವಾದ ಬೆಲೆಗೆ ಸಿಕ್ಕರೆ, ಮುಂದಿನ ಕಂಪ್ಯೂಟರಿಗೆ ಬಾರದ ಭಾಗಕ್ಕೆ ಹಣ ಹಾಕಬಾರದೆಂಬ ನನ್ನ ನಿಯಮವನ್ನು ನಾನೇ ಸಡಿಲಿಸುತ್ತೇನೆ, ಏಕೆಂದರೆ ಅದು ಹೊಸ ಯಂತ್ರದ ಅಗತ್ಯವನ್ನೇ ಹಲವು ವರ್ಷ ಮುಂದೂಡುತ್ತದೆ. ಕೊಳ್ಳುವ ಮುನ್ನ ಬೋರ್ಡ್ ತಯಾರಕರ ಬೆಂಬಲಿತ ಪ್ರೊಸೆಸರುಗಳ ಪಟ್ಟಿಯಲ್ಲಿ ನಿಮ್ಮ ಮಾದರಿಯನ್ನು ಹುಡುಕಿ. ಹಳೆಯ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯೋಸ್ ಅಪ್‌ಡೇಟ್ ಮುಗಿಸಿಕೊಳ್ಳಿ.

ಇಂಟೆಲ್‌ನ ಎಲ್‌ಜಿಎ1151 ಬೋರ್ಡ್ ಇರುವವರಿಗೆ ಈ ಅನುಕೂಲವಿಲ್ಲ. ಆರು ಮತ್ತು ಏಳನೆಯ ಪೀಳಿಗೆಗೆ 100, 200 ಸರಣಿಯ ಬೋರ್ಡ್. ಎಂಟು ಮತ್ತು ಒಂಬತ್ತನೆಯದಕ್ಕೆ 300 ಸರಣಿಯ ಬೋರ್ಡ್. ಸಾಕೆಟ್ಟಿನ ಹೆಸರು ಒಂದೇ ಆದರೂ ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೆಲಸ ಮಾಡದು. ನಾಲ್ಕು ಕೋರ್, ನಾಲ್ಕು ಥ್ರೆಡ್‌ಗಳ ಐ5-7400 ಇರುವವರು ಏರಬಹುದಾದ ತುದಿ ಎಂದರೆ ನಾಲ್ಕು ಕೋರ್, ಎಂಟು ಥ್ರೆಡ್‌ಗಳ ಐ7-7700ಕೆ. ಥ್ರೆಡ್‌ಗಳು ದ್ವಿಗುಣವಾಗುವುದರಿಂದ ತಡವರಿಕೆ ಕಡಿಮೆಯಾಗುವುದು ನಿಜ, ಆದರೆ ಆ ಪ್ರೊಸೆಸರ್ ಕೂಡ 2017ರದ್ದೇ ಮತ್ತು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಈ ಗುಂಪಿನವರು ಪ್ರೊಸೆಸರಿಗೆ ಹಣ ಹಾಕದೆ ಕೂಡಿಡುವುದೇ ಸರಿ. ಹೊಸದನ್ನು ಕಟ್ಟುವಾಗ ಬೋರ್ಡಿನ ಆಯುಷ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ: 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ 2027 ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ.

ವಿಂಡೋಸ್ 10ರ ಬೆಂಬಲ ಮುಗಿದಿದೆ. ಅದೊಂದೇ ಕಾರಣಕ್ಕೆ ಹೊಸ ಕಂಪ್ಯೂಟರ್ ಬೇಕೇ?

ಅದೊಂದೇ ಕಾರಣಕ್ಕೆ ತಕ್ಷಣ ಬೇಡ, ಆದರೆ ಅವಧಿಯ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮನೆಬಳಕೆದಾರರಿಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆಯನ್ನು ಮೈಕ್ರೋಸಾಫ್ಟ್ ಅದರ ಮುಂದಿನ ಒಂದು ವರ್ಷಕ್ಕೆಂದು ಪ್ರಕಟಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಸೌಲಭ್ಯ), ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಯಂತ್ರ ಶುರುವಾಗುವಂತೆ ನೋಡಿಕೊಳ್ಳುವುದು) ಸಾಮರ್ಥ್ಯ ಮತ್ತು ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ರೈಜನ್ 2000 ಸರಣಿಯ, ಇಲ್ಲವೇ ಅವುಗಳ ನಂತರದ ಪ್ರೊಸೆಸರ್ ಬೇಕು. ನಿಮ್ಮ ಯಂತ್ರ ಅನರ್ಹ ಎಂದು ಬಂದರೆ ಮೊದಲು ಬಯೋಸ್ ನೋಡಿ. ಟಿಪಿಎಂ ಸೌಲಭ್ಯ ಅನೇಕ ಬೋರ್ಡುಗಳಲ್ಲಿ ಇದ್ದೂ ಆಫ್ ಆಗಿರುತ್ತದೆ.

ಸ್ಪರ್ಧಾತ್ಮಕ ಆಟಗಾರರಿಗೆ ಇದು ಇನ್ನಷ್ಟು ತುರ್ತಿನ ವಿಷಯ. ಮೋಸ ತಡೆಯುವ ತಂತ್ರಾಂಶಗಳು ಈ ಸೌಲಭ್ಯಗಳನ್ನೇ ಕೇಳತೊಡಗಿವೆ: ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಬೇಕು, 2025ರ ಬ್ಯಾಟಲ್‌ಫೀಲ್ಡ್ 6ಕ್ಕೆ ಸೆಕ್ಯೂರ್ ಬೂಟ್ ಕಡ್ಡಾಯ. ಒಬ್ಬರೇ ಆಡುವ ಆಟಗಳಷ್ಟೇ ಸಾಕೆನ್ನುವವರು ಲಿನಕ್ಸ್‌ಗೆ ಹೋಗಿ ಸ್ಟೀಮ್‌ನ ಪ್ರೋಟಾನ್ ಮೂಲಕ ವಿಂಡೋಸ್ ಆಟಗಳನ್ನು ಆಡಬಹುದು, ಮತ್ತು ಹಳೆಯ ಯಂತ್ರಕ್ಕೆ ಅದು ಯೋಗ್ಯವಾದ ದಾರಿ. ಮೇಲಿನಂಥ ಸ್ಪರ್ಧಾತ್ಮಕ ಆಟಗಳು ಮಾತ್ರ ಅಲ್ಲಿ ನಡೆಯವು.

ಕಾರ್ಡಿಗೆ ಸಾಕಷ್ಟು ಶಕ್ತಿಯಿದ್ದರೂ ಕೆಲವು ಆಟಗಳು ತೆರೆಯುವುದೇ ಇಲ್ಲವೇಕೆ?

ಆ ಆಟಗಳಿಗೆ ಬೇಕಾದ ಸೌಲಭ್ಯ ಕಾರ್ಡಿನ ಚಿಪ್ಪಿನಲ್ಲೇ ಇರುವುದಿಲ್ಲ. 2024ರ ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಎರಡೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಯಂತ್ರಾಂಶವನ್ನು ಕಡ್ಡಾಯವಾಗಿ ಕೇಳುತ್ತವೆ. ಎನ್‌ವಿಡಿಯಾದಲ್ಲಿ ಇದು 2018ರ ಆರ್‌ಟಿಎಕ್ಸ್ 20 ಸರಣಿಯಿಂದ, ಎಎಂಡಿಯಲ್ಲಿ 2020ರ ಆರ್‌ಎಕ್ಸ್ 6000 ಸರಣಿಯಿಂದ ಇದೆ. ತನ್ನ ಕಾಲದಲ್ಲಿ ಎಲ್ಲರ ಮೇಲಿದ್ದ ಜಿಟಿಎಕ್ಸ್ 1080 ಟಿಐ ಇಲ್ಲಿ ಹೊರಗೆ ಉಳಿಯುತ್ತದೆ, ಅದಕ್ಕಿಂತ ಕಡಿಮೆ ಶಕ್ತಿಯ ಆರ್‌ಟಿಎಕ್ಸ್ 2060 ಒಳಗೆ ಬರುತ್ತದೆ. ಜಿಟಿಎಕ್ಸ್ 900 ಮತ್ತು 10 ಸರಣಿಗಳಿಗೆ ಹೊಸ ಆಟಗಳಿಗೆಂದು ರೂಪಿಸುವ ಡ್ರೈವರ್‌ಗಳು 2025ರ ಅಕ್ಟೋಬರ್‌ಗೆ ನಿಂತವು. 2028ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್‌ಗಳಷ್ಟೇ ಬರುತ್ತವೆ. ಈ ಕಾರ್ಡುಗಳಿರುವವರು ಹೊಸ ದೊಡ್ಡ ಆಟಗಳನ್ನು ಬಯಸುವುದಾದರೆ ಸೆಟ್ಟಿಂಗ್ ಇಳಿಸುವುದರಿಂದ ದಾರಿ ತೆರೆಯುವುದಿಲ್ಲ.

ಬೆಲೆ ಇಳಿಯುವವರೆಗೆ ಕಾಯುವುದು ಒಳ್ಳೆಯದಲ್ಲವೇ?

ಬೆಲೆ ಇಳಿದೇ ಇಳಿಯುತ್ತದೆ ಎಂದು ನಂಬಿ ಕಾಯುವುದನ್ನು ನಾನು ಸಲಹೆ ಮಾಡುವುದಿಲ್ಲ. 2020ರ ಕೊನೆಯಿಂದ 2022ರ ನಡುವೆ ಚಿಪ್ಪುಗಳ ಕೊರತೆ ಮತ್ತು ಕ್ರಿಪ್ಟೋ ಮೈನಿಂಗ್ (ಕಾರ್ಡುಗಳನ್ನು ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು) ಸೇರಿ ಗ್ರಾಫಿಕ್ಸ್ ಕಾರ್ಡುಗಳು ಘೋಷಿತ ಬೆಲೆಗೆ ಸಿಗುವುದೇ ದುರ್ಲಭವಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳ ಬೇಡಿಕೆ ಮೆಮೊರಿ ಚಿಪ್ಪುಗಳನ್ನು ಸೆಳೆದುಕೊಂಡು ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಹಾಗೆಂದು ಏರಿಕೆಗೆ ಹೆದರಿ ಅವಸರದಿಂದ ಕೊಳ್ಳುವುದೂ ಬೇಡ. ಕಾಯುವುದಕ್ಕೆ ಖಚಿತವಾದ ಕಾರಣವೊಂದು ಇರಬೇಕು: ಹೊಸ ಸರಣಿಯೊಂದು ಪ್ರಕಟವಾಗಿದ್ದು ಅದರ ಸ್ವತಂತ್ರ ಪರೀಕ್ಷೆಗಳು ಇನ್ನೂ ಬರಬೇಕಿವೆ, ಅಥವಾ ನಿಮಗೆ ಬೇಕಾದ ದರ್ಜೆಗೆ ಇನ್ನು ಎರಡು ತಿಂಗಳ ಉಳಿತಾಯ ಸೇರಬೇಕಿದೆ. ಇಂಥ ಕಾರಣವಿದ್ದರೆ ಕಾಯಿರಿ.

ಸೆಕೆಂಡ್ ಹ್ಯಾಂಡ್ ಭಾಗಗಳನ್ನು ಕೊಳ್ಳಬಹುದೇ?

ಪ್ರೊಸೆಸರ್ ಮತ್ತು ರ‍್ಯಾಮ್ ಧೈರ್ಯವಾಗಿ ಕೊಳ್ಳಬಹುದು, ಇವು ಸುಲಭವಾಗಿ ಕೆಡುವ ಭಾಗಗಳಲ್ಲ. ಗ್ರಾಫಿಕ್ಸ್ ಕಾರ್ಡನ್ನು ನಿಮ್ಮ ಕಣ್ಣೆದುರಿಗೆ ಕನಿಷ್ಠ ಅರ್ಧ ಗಂಟೆ ಭಾರವಾದ ಆಟದಲ್ಲಿ ಓಡಿಸಿ, ಉಷ್ಣತೆ ಮತ್ತು ಫ್ಯಾನಿನ ಸದ್ದನ್ನು ಗಮನಿಸಿ ಕೊಳ್ಳಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯ ಮೈನಿಂಗ್ ಬೇಡದ ವಿಧಾನಕ್ಕೆ ಬದಲಾದ ಮೇಲೆ ಮೈನಿಂಗಿಗೆ ಬಳಸಿದ ಕಾರ್ಡುಗಳು ದೊಡ್ಡ ಪ್ರಮಾಣದಲ್ಲಿ ಮಾರಾಟಕ್ಕೆ ಬಂದವು. ಅವೆಲ್ಲ ಕೆಟ್ಟವೆಂದೇನಲ್ಲ, ಆದರೆ ಫ್ಯಾನ್ ಮತ್ತು ಥರ್ಮಲ್ ಪ್ಯಾಡ್‌ಗಳು ಸವೆದಿರುವ ಸಂಭವ ಹೆಚ್ಚು. ಪವರ್ ಸಪ್ಲೈಯನ್ನು ಮಾತ್ರ ಎಂದಿಗೂ ಹಳೆಯದು ಕೊಳ್ಳಬೇಡಿ.

ಮಾನಿಟರ್ ಬದಲಾಯಿಸುವ ಆಸೆಯೂ ಇದೆ. ಮೊದಲು ಯಾವುದು?

ಕಂಪ್ಯೂಟರ್ ಈಗಾಗಲೇ ಏದುಸಿರು ಬಿಡುತ್ತಿದ್ದರೆ ಮಾನಿಟರ್ ನಂತರ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳು, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. 1080ಪಿ ಬಿಟ್ಟು 1440ಪಿ ಮಾನಿಟರ್ ತಂದ ದಿನವೇ ನಿಮ್ಮ ಕಾರ್ಡಿನ ಹೊರೆ ಮುಕ್ಕಾಲು ಪಾಲಿನಷ್ಟು ಹೆಚ್ಚಿ, ನಿನ್ನೆಯವರೆಗೆ ಸಾಕಾಗುತ್ತಿದ್ದ ಯಂತ್ರ ಇಂದು ಸಾಲದಾಗುತ್ತದೆ.

ಕೂಡಿಡುವುದೆಂದು ತೀರ್ಮಾನಿಸಿದ್ದೇನೆ. ಭಾಗಗಳನ್ನು ಒಂದೊಂದಾಗಿ ಕೊಂಡು ಇಟ್ಟುಕೊಳ್ಳಲೇ?

ಬೇಡ. ಈ ತಿಂಗಳು ಮದರ್‌ಬೋರ್ಡ್, ಮುಂದಿನ ತಿಂಗಳು ಪ್ರೊಸೆಸರ್ ಎಂದು ಕೊಂಡಿಟ್ಟರೆ, ಎಲ್ಲವೂ ಸೇರಿ ಮೊದಲ ಬಾರಿ ಚಾಲೂ ಮಾಡುವ ಹೊತ್ತಿಗೆ ಮೊದಲು ಕೊಂಡದ್ದನ್ನು ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ, ವಾರಂಟಿಯ ಹಲವು ತಿಂಗಳು ಪೆಟ್ಟಿಗೆಯಲ್ಲೇ ಕಳೆದಿರುತ್ತದೆ. ಬೋರ್ಡಿನಲ್ಲಿ ದೋಷವಿದ್ದರೆ ಅದು ಗೊತ್ತಾಗುವುದೂ ಅಂದೇ. ಇಂದಿನ ಯಂತ್ರದಲ್ಲೇ ಬಳಕೆಗೆ ಬರುವ ಭಾಗಗಳಿಗೆ ಮಾತ್ರ ಈ ಮಾತು ಅನ್ವಯಿಸದು. ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಸಪ್ಲೈ ಇವುಗಳನ್ನು ಮೊದಲೇ ಕೊಂಡು ಹಳೆಯದರಲ್ಲಿ ಓಡಿಸುತ್ತಿರಬಹುದು. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನು ಒಂದೇ ಸಲ ಕೊಳ್ಳುವಷ್ಟು ಹಣವನ್ನು ಪ್ರತ್ಯೇಕವಾಗಿ ಸೇರಿಸುತ್ತಾ ಹೋಗಿ.

ಈ ನಡುವೆ ಹಳೆಯ ಯಂತ್ರ ಅಚಾನಕ್ಕಾಗಿ ಕೈಕೊಡುವ ಸಾಧ್ಯತೆ ಇದ್ದೇ ಇದೆ. ಕಡತಗಳ ನಕಲನ್ನು ಬೇರೆಡೆ ಇಡಿ, ಮತ್ತು ಸಪ್ಲೈ ಕೆಟ್ಟರೆ ಬದಲಾಯಿಸಿ, ಮದರ್‌ಬೋರ್ಡ್ ಕೆಟ್ಟರೆ ಬದಲಾಯಿಸಬೇಡಿ ಎಂಬ ತೀರ್ಮಾನವನ್ನು ಈಗಲೇ ಮಾಡಿಟ್ಟುಕೊಳ್ಳಿ. ಹಳೆಯ ಬೋರ್ಡನ್ನು ಹುಡುಕಿ ತಂದು ಹಾಕುವುದಕ್ಕಿಂತ, ಕೂಡಿಟ್ಟದ್ದು ಕಡಿಮೆಯಿದ್ದರೂ ಅದರಿಂದಲೇ ಹೊಸ ಪೀಳಿಗೆಯ ಬುಡವನ್ನು ಕಟ್ಟಿ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ಅದಕ್ಕೆ ಜೋಡಿಸುವುದು ಮೇಲು.

ಹೊಸದು ಬಂದ ಮೇಲೆ ಹಳೆಯದನ್ನು ಮಾರಬಹುದೇ?

ಮಾರಬಹುದು. ಕಾಲ ಕಳೆದಷ್ಟೂ ಬೆಲೆ ಕುಸಿಯುವುದರಿಂದ ಬೇಗ ಮಾರಿ. ಬಿಡಿಬಿಡಿಯಾಗಿ ಮಾರಿದರೆ ಸಾಮಾನ್ಯವಾಗಿ ಹೆಚ್ಚು ಹಣ ಬರುತ್ತದೆ, ಶ್ರಮವೂ ಹೆಚ್ಚು. ಎಸ್‌ಎಸ್‌ಡಿ ಕೊಡುವುದಾದರೆ ಬರೀ ಕಡತಗಳನ್ನು ಅಳಿಸಿದರೆ ಸಾಲದು. ತಯಾರಕರ ತಂತ್ರಾಂಶದಲ್ಲಿರುವ ಸೆಕ್ಯೂರ್ ಇರೇಸ್ ಬಳಸಬೇಕು. ಪ್ರತ್ಯೇಕವಾಗಿ ಕೊಂಡ ರೀಟೇಲ್ ವಿಂಡೋಸ್ ಲೈಸೆನ್ಸ್ ಆದರೆ ಅದನ್ನು ಹೊಸ ಯಂತ್ರಕ್ಕೆ ವರ್ಗಾಯಿಸಿಕೊಳ್ಳಬಹುದು, ಕಂಪ್ಯೂಟರಿನ ಜೊತೆಗೇ ಬಂದ ಓಇಎಂ ಲೈಸೆನ್ಸ್ ಹಳೆಯ ಮದರ್‌ಬೋರ್ಡಿನ ಜೊತೆಗೇ ಹೋಗುತ್ತದೆ.